ನಾಯಿಪಾಲಿನ ಗಡಿಗೆ

ಹಂದಿಯ ಕೋರೆ ಸೀಳಿದ್ದ ಆ ನಾಯಿಯ ಹೊಟ್ಟೆಯನ್ನು ನಾನು ನೋಡುವ ಹೊತ್ತಿಗೆ ಯಾರೋ ಆಗಲೇ ಹೊಲಿದು ಮುಗಿಸಿದ್ದರು. ದಿನಚರಿಯಲ್ಲಿ ಹನ್ನೊಂದು ಹೊಲಿಗೆ ಎಂದಿದೆ. ಅದನ್ನು ಎರಡು ದಿನ ಬಿಟ್ಟು ಬರೆದೆನೆಂದೂ ಅಲ್ಲೇ ಇರುವುದರಿಂದ ಹನ್ನೊಂದೇ ಎಂದು ಆಣೆ ಮಾಡಲಾರೆ. ಒಂದು ವಿಷಯದಲ್ಲಿ ಮಾತ್ರ ಅನುಮಾನವಿಲ್ಲ. ಮೇಲ್ತುದಿಯಿಂದ ಒತ್ತೊತ್ತಾಗಿ ಇಳಿದು ಬಂದ ಹೊಲಿಗೆ ಕೆಳತುದಿಯ ಹತ್ತಿರ ನಿಂತುಬಿಟ್ಟಿತ್ತು. ಕಿರುಬೆರಳು ತೂರುವಷ್ಟು ಜಾಗವನ್ನು ಹಾಗೇ ತೆರೆದು ಬಿಟ್ಟಿದ್ದರು.

ದಾರ ಸಾಲದೆ ಹೋಯಿತೇನೋ ಅಂದುಕೊಂಡು, "ಇಷ್ಟನ್ನ ಯಾಕೆ ಬಿಟ್ಟಿರಿ?" ಎಂದು ಕೇಳಿದೆ.

"ಕೀವು ಎಲ್ಲಿಂದ ಓಗ್ಬೇಕು ಡಾಕ್ಟ್ರಪ್ಪ? ನಾಯಿ ಬಾಯಿಂದ್ಲಾ?"

ಹೇಳಿದವಳು ಅರವತ್ತು ದಾಟಿದಂತೆ ಕಂಡ ಒಬ್ಬ ಹೆಂಗಸು. ನಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಸುತ್ತ ನಿಂತಿದ್ದ ಗಂಡಸರು ನಕ್ಕರು. ನಾನೂ ನಕ್ಕೆ, ಆದರೆ ಕಿವಿ ಬಿಸಿಯಾಗಿತ್ತು. ಕೊಳಕಾದ ಗಾಯವನ್ನು ಪೂರ್ತಿ ಮುಚ್ಚಬಾರದು, ಕೆಳಗಡೆ ಹರಿಯಲು ದಾರಿ ಬಿಡಬೇಕು ಎಂಬುದನ್ನು ನಾನು ಬೆಂಗಳೂರಿನಲ್ಲಿ, ಪಶುವೈದ್ಯದ ಮೂರನೆಯ ವರ್ಷದಲ್ಲಿ ಕಲಿತಿದ್ದೆ. ಪರೀಕ್ಷೆಯಲ್ಲಿ ಬರೆದೂ ಇದ್ದೆ. ಕಣ್ಣೆದುರು ಬಂದಾಗ ಗುರುತು ಹಿಡಿಯಲಿಲ್ಲ. ಸೂಜಿಯನ್ನು ಬೆಂಕಿಯಲ್ಲಿ ಕಾಯಿಸಿ, ದಾರವನ್ನು ಅರಿಶಿನದ ನೀರಿನಲ್ಲಿ ಕುದಿಸಿ ಹೊಲಿದಿದ್ದಳಂತೆ. ನಾನು ಮಾಡಬಹುದಾಗಿದ್ದು ಪೆನಿಸಿಲಿನ್ ಚುಚ್ಚುವುದೊಂದೇ. ಅದನ್ನು ಮಾಡಿ, ನಾಯಿ ಬದುಕುತ್ತದೆ ಎಂದೆ. "ಅದು ನಂಗೂ ಗೊತ್ತು ಕಣಪ್ಪ. ನಿಮ್ ಸೂಜಿ ಬಿದ್ರೆ ಬಿರ್ರನೆ ಎದ್ದಾತು ಅಂತ ಕರ್ಸ್ದೆ" ಅಂದಳು.

ಕೊಳ್ಳೇಗಾಲದ ಸೀಮೆ ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿ ಆಗ ಆರೇಳು ವರ್ಷವಾಗಿರಬೇಕು. ನಾನು ಯಳಂದೂರಿನ ಕಡೆಯವನು, ಅಂದರೆ ಮೊದಲಿನಿಂದಲೂ ಮೈಸೂರಿನವನು. ಓದು ಮುಗಿದ ಮೇಲೆ ಹನೂರಿನ ದನದ ಆಸ್ಪತ್ರೆಗೆ ಹಾಕಿದರು. ಅಲ್ಲಿನ ಹಳೆಯ ರಿಜಿಸ್ಟರುಗಳು ತಮಿಳಿನಲ್ಲಿದ್ದವು. ಅವನ್ನು ಓದಿ ಹೇಳುತ್ತಿದ್ದ ಕಾಂಪೌಂಡರ್ ಎರಡು ಭಾಷೆಗಳನ್ನೂ ಬೆರೆಸಿಯೇ ಮಾತಾಡುತ್ತಿದ್ದ. ದಿನಕ್ಕೆ ಹತ್ತು ಹಸು, ನಾಲ್ಕು ಎಮ್ಮೆ, ಒಂದಷ್ಟು ಕೋಳಿ. ನಾಯಿಗಾಗಿ ಯಾರಾದರೂ ಅಜ್ಜೀಪುರದ ದಾರಿಯ ಹಳ್ಳಿಯೊಂದರಿಂದ ಹೇಳಿ ಕಳಿಸಿದ್ದು ಅದೇ ಮೊದಲು. ಆ ಊರಿನ ಹೆಸರನ್ನು ಬರೆಯುವುದು ಬೇಡ. ಕಾಡಿನ ಅಂಚಿನಲ್ಲಿತ್ತು. ರಾಗಿ, ಕಡಲೆಕಾಯಿ, ಗೆಣಸು ಬೆಳೆಯುತ್ತಿದ್ದರು. ಬೆಳೆ ಬಲಿಯುವ ಹೊತ್ತಿಗೆ ಕಾಡುಹಂದಿಗಳು ಗುಂಪಾಗಿ ಬಂದು ನೆಲವನ್ನು ಉತ್ತ ಹಾಗೆ ಕೆದರಿ ಹೋಗುತ್ತಿದ್ದವು. ಊರಿನವರು ಬಲೆ ಕಟ್ಟಿ, ನಾಯಿ ಬಿಟ್ಟು, ಈಟಿಯಿಂದ ಹೊಡೆಯುತ್ತಿದ್ದರು. ಹೊಡೆದದ್ದನ್ನು ಹಂಚಿಕೊಂಡು ತಿನ್ನುತ್ತಿದ್ದರು.

ಹಂಚುವ ಕೆಲಸ ಆ ಹೆಂಗಸಿನದು. ಊರಿನವರೆಲ್ಲ ಅವಳನ್ನು ದೊಡ್ಡವ್ವ ಎನ್ನುತ್ತಿದ್ದರು. ಗಂಡನಿದ್ದಾಗ ಪಾಲು ಹಾಕುವುದು ಅವನ ಕೆಲಸ, ನಾಯಿಗಳಿಗೆ ಎಸೆಯುವುದು ಅವಳದಾಗಿತ್ತಂತೆ. ಅವನು ಹೋದ ಮೇಲೆ ಕತ್ತಿ ಅವಳ ಕೈಗೆ ಬಂತು. ಹೆಂಗಸಿನ ಕೈಯಲ್ಲಿ ಬೇಟೆಯ ಕತ್ತಿ ಬೇಡವೆಂದು ಯಾರೂ ಹೇಳಲಿಲ್ಲವೇ ಎಂದು ನಾನೊಮ್ಮೆ ಅವಳ ಮಗನನ್ನು ಕೇಳಿದ್ದೆ. "ಯೇಳುದ್ರು ಸಾ. ಆದ್ರೆ ಪಾಲಾಕ್ದೋರು ಕೊನೇಗೆ ತಕಬೇಕು, ಮಿಕ್ಕಿದ್ದೇ ಅವ್ರುಗೆ. ಅದ್ಕೆ ಯಾವ ಗಂಡ್ಸೂ ಮುಂದುಕ್ ಬರ್ನಿಲ್ಲ" ಎಂದು ಅವನು ನಕ್ಕಿದ್ದ.

ನಾಯಿಯ ಹೊಲಿಗೆ ಬಿಚ್ಚಲು ಹೋದ ದಿನ ಬೆಳಿಗ್ಗೆಯೇ ಒಂದು ಹಂದಿ ಬಿದ್ದಿತ್ತು. ಹೊಲದ ಬದುವಿನ ಹುಣಸೆಮರದ ಕೆಳಗೆ ಅದನ್ನು ತಂದು ಹಾಕಿದ್ದರು. ನಾನು ಲಿಂಗ ಕಟ್ಟಿಕೊಂಡವನು. ನಮ್ಮ ಮನೆಯಲ್ಲಿ ಮೊಟ್ಟೆಯ ಹೆಸರನ್ನೂ ಎತ್ತುತ್ತಿರಲಿಲ್ಲ. ಕಾಲೇಜಿನಲ್ಲಿ ಸತ್ತ ಪ್ರಾಣಿಗಳನ್ನು ಕೊಯ್ದಿದ್ದೆ ನಿಜ. ಅದು ಅಮೃತಶಿಲೆಯ ಮೇಜು, ರಬ್ಬರ್ ಕೈಗವಸು, ಫಾರ್ಮಲಿನ್ ವಾಸನೆಗಳ ನಡುವೆ. ಇಲ್ಲಿ ಹಸಿ ರಕ್ತ, ನೊಣ, ಸುಟ್ಟ ಕೂದಲಿನ ವಾಸನೆ.

"ನೀವು ಶಿವಾಚಾರದೋರಂತೆ. ಗಾಳಿ ಬರೋ ಕಡೆ ನಿಂತ್ಕಳಿ, ವಾಸ್ನೆ ಒಡಿಯಲ್ಲ" ಎಂದು ದೊಡ್ಡವ್ವ ನನಗೊಂದು ಜಾಗ ತೋರಿಸಿದಳು. ನಾನು ಅಲ್ಲಿ ನಿಂತೆ. ಅಲ್ಲಿಂದ ಕಂಡದ್ದನ್ನು ಬರೆಯುತ್ತಿದ್ದೇನೆ. ದೂರ ಹದಿನೈದು ಹೆಜ್ಜೆ ಇದ್ದೀತು. ದೂರದಿಂದ ಕಂಡದ್ದಕ್ಕೆ ಮನಸ್ಸು ಆಮೇಲೆ ಏನೇನು ಸೇರಿಸಿಕೊಂಡಿತೋ ಹೇಳಲಾರೆ.

ಮೊದಲು ಅವಳು ಕತ್ತಿ ಮುಟ್ಟಲಿಲ್ಲ. ಕೊಯ್ಯಲು ಕೂತ ಗಂಡಸರ ಕೈಗಳನ್ನು ನೋಡಿದಳು, ಅಂಗೈ, ಹಿಂಗೈ, ಉಗುರ ಸಂದು.

"ತೋರ್ಸ್ಲಾ ಕೈಯ್ಯ. ಇದೇನ್ಲಾ ಇದು?"

"ಮುಳ್ಳು ಕಣವ್ವ, ಒಸಿ ತರ್ದದೆ" ಎಂದ ಮಗ.

"ಒಸಿಯೋ ರಾಸಿಯೋ, ಎದ್ದೋಗಿ ಬಲೆ ಸುತ್ತೋಗು. ಅಂದಿ ಮುಟ್ಬ್ಯಾಡ."

"ನಾನೇ ಒಡದಿವ್ನಿ ಅಂದಿಯ! ನಾನೇ ಮುಟ್ಬಾರ್ದಾ?"

"ಒಡ್ಯಕ್ಕೆ ಈಟಿ ಅದೆ. ಕುಯ್ಯಕ್ಕೆ ನಿನ್ನ ಕೈಯೇ ತಾನೇ? ಓಗ್ಲಾ, ನಾಕ್ ದಿನ ತಾಳು, ಗಾಯ ಮಾಯ್ದ್ ಮ್ಯಾಲೆ ಬಾ, ಅಂದಿ ಕಾಯ್ತಾ ಕುಂತಿರ್ತದೆ!"

ಎಲ್ಲರೂ ಗೊಳ್ಳೆಂದು ನಕ್ಕರು. ಮಗ ಎದ್ದು ಹೋದ. ಉಳಿದವರು ಮೊಣಕೈವರೆಗೆ ಹರಳೆಣ್ಣೆ ಸವರಿಕೊಂಡರು. ಇದೆಲ್ಲ ಯಾಕೆಂದು ಕೇಳಿದ್ದಕ್ಕೆ ದೊಡ್ಡವ್ವ ಒಂದು ಕಥೆ ಹೇಳಿದಳು: ತಾನು ಮದುವೆಯಾಗಿ ಬಂದ ಹೊಸದರಲ್ಲಿ ಒಬ್ಬನು ಹೆಬ್ಬೆರಳು ಕುಯ್ದುಕೊಂಡ ಕೈಯಲ್ಲೇ ಹಂದಿಯನ್ನು ಬಗೆದನಂತೆ, ಆಮೇಲೆ ವರ್ಷವೆಲ್ಲ ಬಂದು ಬಂದು ಹೋಗುವ ಜ್ವರ ಹಿಡಿದು ಕೀಲುಗಳೆಲ್ಲ ನೋವಾಗಿ ಕೂತಲ್ಲೇ ಕೂತನಂತೆ. ಅಂಥ ಜ್ವರಕ್ಕೆ ನಮ್ಮ ಪುಸ್ತಕದಲ್ಲಿ ಹೆಸರಿದೆ. ಅವನಿಗೆ ಬಂದದ್ದು ಅದೇ ಎಂದು ಹೇಳಲು ನನ್ನಲ್ಲಿ ಏನೂ ಇಲ್ಲ. ಆದರೆ ಒಂದೇ ಒಂದು ಸಲ ಕಂಡದ್ದರಿಂದ ಒಂದು ಊರಿಗೇ ನಿಯಮ ಮಾಡಿಟ್ಟ ಆ ಹೆಂಗಸಿನ ಬುದ್ಧಿಗೆ ನಾನು ಇವತ್ತಿಗೂ ತಲೆ ಬಾಗುತ್ತೇನೆ.

ಆಮೇಲೆ ಹಂದಿಯ ನಾಲಗೆಯನ್ನು ಎಳೆದು, ಅಡಿಭಾಗವನ್ನು ಬಿಸಿಲಿಗೆ ತಿರುಗಿಸಿ, ಬೆರಳಿನಿಂದ ಒತ್ತಿ ನೋಡಿದಳು. ತೊಡೆಯ ಮಾಂಸದಲ್ಲಿ ಒಂದು ಕಡೆ ಸೀಳಿ ನೋಡಿದಳು. ಎದೆಗೂ ಹೊಟ್ಟೆಗೂ ನಡುವಿನ ಪೊರೆಯನ್ನು ಬಿಡಿಸಿ ಬೆಳಕಿಗೆ ಹಿಡಿದಳು. ಅವಳು ಹುಡುಕುತ್ತಿದ್ದದ್ದು ಅಕ್ಕಿ ಕಾಳಿನಂಥ ಬಿಳಿ ಗುಳ್ಳೆಗಳನ್ನು. ಅಕ್ಕಿ ಕಂಡರೆ ಹಂದಿ ಎಷ್ಟೇ ದೊಡ್ಡದಿರಲಿ, ಗುಂಡಿಗೆ ಹೋಗಬೇಕು. ಹಿಂದಿನ ವರ್ಷ ಹಾಗೊಂದನ್ನು ಹೂಳಿಸಿದ್ದಳಂತೆ. ಗಂಡಸರು ಮೂರು ದಿನ ಅವಳ ಜೊತೆ ಮಾತು ಬಿಟ್ಟಿದ್ದರಂತೆ. ಅಕ್ಕಿ ಇಲ್ಲದ ಹಂದಿಯನ್ನೂ ಕೆಂಡದಲ್ಲಿ ಸುಟ್ಟು ತಿನ್ನುವಂತಿರಲಿಲ್ಲ. ಮೂಳೆಯಿಂದ ಮಾಂಸ ತಾನಾಗಿ ಬಿಡುವ ತನಕ ಬೇಯಬೇಕು. ಕಾಲೇಜಿನಲ್ಲಿ ನಮಗೆ ಮಾಂಸ ಪರೀಕ್ಷೆ ಕಲಿಸಿದವರು ಇದೇ ನಾಲಗೆ, ಇದೇ ತೊಡೆ, ಇದೇ ಪೊರೆಯನ್ನು ಇದೇ ಕ್ರಮದಲ್ಲಿ ತೋರಿಸಿದ್ದರು. ಕ್ರಮ ಇದೇ ಇತ್ತೇ, ಅಥವಾ ಅವಳನ್ನು ಮೆಚ್ಚುವ ಭರದಲ್ಲಿ ನಾನೇ ಹೊಂದಿಸಿಕೊಂಡಿದ್ದೇನೆಯೇ? ಇರಬಹುದು. ಮೂರೂ ಜಾಗಗಳು ಮಾತ್ರ ಸರಿಯಾಗಿದ್ದವು.

ಆ ದಿನದ ಹಂದಿಯಲ್ಲಿ ಅಕ್ಕಿ ಇರಲಿಲ್ಲ. ಆದರೆ ಈಲಿ, ಅಂದರೆ ಪಿತ್ತಜನಕಾಂಗ, ಹೊರಗೆ ಬಂದಾಗ ಅದರ ಮೇಲೆ ನೆಲ್ಲಿಕಾಯಿ ಗಾತ್ರದ ಎರಡು ಮೂರು ಗುಳ್ಳೆಗಳಿದ್ದವು. ಒಳಗೆ ತಿಳಿನೀರು ತುಂಬಿದಂತಿತ್ತು. ದೊಡ್ಡವ್ವ ಗುಳ್ಳೆಯ ಸುತ್ತ ಅಂಗೈಯಗಲ ಬಿಟ್ಟು ಕತ್ತರಿಸಿದಳು. "ಇದು ಮನುಸ್ರುಗಲ್ಲ" ಅಂದಳು. ಅಂದು, ಪಕ್ಕದ ಮುತ್ತುಗದ ಎಲೆಯ ಮೇಲೆ ಇಟ್ಟಳು.

ಆ ಎಲೆ ನಾಯಿಪಾಲು. ಈಟಿ ಹಾಕಿದವನಿಗಿಂತ, ಬಲೆಯವನಿಗಿಂತ, ಹೊಲದವನಿಗಿಂತ ಮೊದಲು ನಾಯಿಗಳಿಗೆ ಪಾಲು ಸಲ್ಲಬೇಕು, ಅದೂ ಹಂದಿ ಬಿದ್ದ ಜಾಗದ ಹತ್ತಿರವೇ, ಹಸಿಯಾಗಿಯೇ. "ನಾಯಿ ಬಾಯಿಗೆ ಬೀಳೋಗಂಟ ಮನುಸ್ನ ಬಾಯಿಗೆ ಬೀಳ್ಬಾರ್ದು" ಎನ್ನುತ್ತಿದ್ದಳು. ಜೀವ ಒತ್ತೆಯಿಟ್ಟು ಹಂದಿಯನ್ನು ಹಿಡಿದು ನಿಲ್ಲಿಸುವುದು ನಾಯಿ, ಆದ್ದರಿಂದ ಮೊದಲ ಮರ್ಯಾದೆ ಅದಕ್ಕೆ. ಇದಕ್ಕಿಂತ ಚೆಂದದ ನ್ಯಾಯವನ್ನು ನಾನು ಕಂಡಿಲ್ಲ. ಹೊಲಿಗೆ ಹಾಕಿಸಿಕೊಂಡಿದ್ದ ಕೆಂಚು ನಾಯಿಗೆ ಗೌರವದ ಪಾಲು ಎಂದು ಗುಳ್ಳೆಯಿದ್ದ ಈಲಿಯ ತುಂಡೇ ಸಿಕ್ಕಿತು. ಅದು ಗಾಳಿಯಲ್ಲೇ ಹಿಡಿದು ನುಂಗಿತು. ಆಮೇಲೆ ಬಾಲ ಆಡಿಸುತ್ತ ಹೋಗಿ, ಮರದ ಬೇರಿನ ಮೇಲೆ ಕೂತಿದ್ದ ದೊಡ್ಡವ್ವನ ಮೊಮ್ಮಗಳ ಮುಖವನ್ನು ನೆಕ್ಕಿತು. ಮೂರು ವರ್ಷದ ಮಗು ಅದರ ಕುತ್ತಿಗೆಗೆ ಜೋತುಬಿದ್ದು ಕಿಲಕಿಲ ನಕ್ಕಿತು.

ನನಗೆ ಗೊತ್ತಿತ್ತು. ಇದನ್ನು ಮರೆಮಾಚುವಂತಿಲ್ಲ. ಅಂಥ ನೀರುಗುಳ್ಳೆಯನ್ನು ಹಸಿಯಾಗಿ ತಿಂದ ನಾಯಿಯ ಕರುಳಿನಲ್ಲಿ ಸಣ್ಣ ಹುಳು ಬೆಳೆಯುತ್ತದೆ. ನಾಯಿಗೆ ಅದರಿಂದ ಏನೂ ಆದಂತೆ ಕಾಣುವುದಿಲ್ಲ. ಅದರ ಮಲದಲ್ಲಿ, ಕೂದಲಿನಲ್ಲಿ, ನಾಲಗೆಯಲ್ಲಿ ಮೊಟ್ಟೆಗಳಿರುತ್ತವೆ. ಅವು ಮನುಷ್ಯರ ಬಾಯಿಗೆ ಹೋದರೆ ಈಲಿಯಲ್ಲೋ ಶ್ವಾಸಕೋಶದಲ್ಲೋ ಅದೇ ನೀರುಗುಳ್ಳೆ ಸದ್ದಿಲ್ಲದೆ ವರ್ಷಗಟ್ಟಲೆ ಬೆಳೆಯುತ್ತದೆ. ದೊಡ್ಡವ್ವ ಮನುಷ್ಯರಿಗೆ ಕೆಡುಕಾಗದಿರಲೆಂದು ಅಷ್ಟು ಜಾಗ್ರತೆಯಿಂದ ಬೇರೆ ಮಾಡಿದ್ದು ನಾಯಿಯ ಮೂಲಕ ಮನುಷ್ಯರ ಮನೆಗೇ ಹಿಂದಿರುಗುತ್ತಿತ್ತು. ಅವಳ ಅಷ್ಟೊಂದು ಸರಿಗಳ ನಡುವೆ ಇದ್ದ ಒಂದೇ ತಪ್ಪು ಅದು, ಆ ತಪ್ಪು ಆ ಮಗುವಿನ ಕೆನ್ನೆಯ ಮೇಲೆ ಒದ್ದೆಯಾಗಿ ಹೊಳೆಯುತ್ತಿತ್ತು.

ನಾನು ಏನೂ ಹೇಳಲಿಲ್ಲ.

ಯಾಕೆ ಹೇಳಲಿಲ್ಲ ಎಂಬುದಕ್ಕೆ ನನ್ನ ಮನಸ್ಸು ಒಂದು ಒಳ್ಳೆಯ ಕಾರಣವನ್ನು ಇಟ್ಟುಕೊಂಡಿದೆ. ಆ ದಿನವೇ ಅವಳ ಮನೆಯ ಜಗಲಿಯಲ್ಲಿ ಮಜ್ಜಿಗೆ ಕುಡಿಯುವಾಗ ಗಂಡನ ಸಾವಿನ ಕಥೆ ಹೇಳಿದಳು ಎಂದು ನೆನಪು ಹೇಳುತ್ತದೆ. ಬಲಪಕ್ಕೆಯ ಕೆಳಗೆ ಊದಿಕೊಂಡಿತ್ತಂತೆ. ಪಟ್ಟಣದ ಡಾಕ್ಟರು ಒಳಗೆ ತೆಂಗಿನಕಾಯಿ ಗಾತ್ರದ ನೀರಿನ ಗುಳ್ಳೆ ಇದೆ, ಕುಯ್ದು ತೆಗೆಯಬೇಕು ಎಂದರಂತೆ. "ಅಂದಿ ಕುಯ್ದೋನು ನಾನು, ನನ್ನ ಇನ್ನೊಬ್ರು ಕುಯ್ಯದಾ?" ಎಂದು ಅವನು ಎದ್ದು ಊರಿಗೆ ಬಂದುಬಿಟ್ಟನಂತೆ. ಎರಡು ವರ್ಷ ಬದುಕಿದ್ದ. ಆ ಕಥೆ ಕೇಳಿದ ಮೇಲೆ, ನಾಯಿಪಾಲಿನ ತಪ್ಪನ್ನು ಹೇಳುವುದೆಂದರೆ ನಿಮ್ಮ ಗಂಡನನ್ನು ಕೊಂದದ್ದು ನಿಮ್ಮ ಕೈಯೇ ಎಂದು ಹೇಳಿದ ಹಾಗೆ ಅನ್ನಿಸಿ ಬಾಯಿ ಬರಲಿಲ್ಲ. ಇದು ನೆನಪಿನ ವಾದ.

ದಿನಚರಿ ಬೇರೆ ಹೇಳುತ್ತದೆ. ಗಂಡನ ಕಥೆ ಅದರಲ್ಲಿ ಬರುವುದು ಮುಂದಿನ ತಿಂಗಳು, ದನಗಳ ದೊಡ್ಡರೋಗಕ್ಕೆ ಮುಂಜಾಗ್ರತೆಯ ಸೂಜಿ ಹಾಕಲು ಆ ಊರಿಗೆ ಹೋದಾಗ. ಹುಣಸೆಮರದ ದಿನದ ಕೆಳಗೆ ಇರುವುದು ಇಷ್ಟೇ: "ಹೊಲಿಗೆ ಬಿಚ್ಚಿದೆ. ಹಂದಿ ಕೊಯ್ಯುವುದನ್ನು ನೋಡಿದೆ. ಊಟ ಸೇರಲಿಲ್ಲ." ದಿನಚರಿ ನಿಜವಾದರೆ, ಮೊದಲ ದಿನ ನನ್ನನ್ನು ತಡೆದದ್ದು ಅವಳ ದುಃಖವಲ್ಲ, ನನ್ನ ಹೇಸಿಗೆ. ಆ ಈಲಿಯನ್ನು ಕೈಯಲ್ಲಿ ಹಿಡಿದು ತೋರಿಸಬೇಕಾದೀತೆಂದು ಹದಿನೈದು ಹೆಜ್ಜೆ ದೂರವನ್ನು ದಾಟಲಿಲ್ಲ. ಎರಡರಲ್ಲಿ ಯಾವುದು ಸರಿ ಎಂದು ತೀರ್ಮಾನಿಸಲು ಈಗ ಸಾಧ್ಯವಿಲ್ಲ. ನನಗೆ ಅನುಕೂಲವಾದ ನೆನಪನ್ನು ನಾನು ಹೆಚ್ಚು ಅನುಮಾನಿಸುತ್ತೇನೆ.

ದೊಡ್ಡರೋಗದ ಸೂಜಿಯ ದಿನ ಎತ್ತುಗಳನ್ನು ಸಾಲಾಗಿ ನಿಲ್ಲಿಸಿಕೊಂಡು ಕೆಲಸ ಮಾಡುತ್ತಿದ್ದೆ. ದೊಡ್ಡವ್ವನ ಮನೆಯ ಮುಂದೆ ಮಗು ರಾಗಿಮುದ್ದೆ ತಿನ್ನುತ್ತಿತ್ತು. ಒಂದು ತುತ್ತು ತನಗೆ, ಒಂದು ತುತ್ತು ಕೆಂಚು ನಾಯಿಗೆ, ಅದೇ ತಟ್ಟೆ, ಅದೇ ಬೆರಳು. ಅದನ್ನು ನೋಡಿ ನಕ್ಕ ಕಾಂಪೌಂಡರನ ಕಡೆ ತಿರುಗಿ ನಾನು ಆ ಹುಳುವಿನ ವಿಷಯ ಹೇಳಿಬಿಟ್ಟೆ. ಅವನ ನಗು ನಿಂತಿತು.

"ಸಾರ್, ಇದ ನಂಗೇಕೆ ಯೇಳ್ತೀರಿ? ಅಂದ ಅಮ್ಮಾಗೆ ಯೇಳಿ" ಅಂದ. ಆ ಅಮ್ಮನಿಗೆ ಹೇಳಿ ಎಂಬ ಅವನ ಮಾತು ಅಷ್ಟು ನೇರವಾಗಿತ್ತು.

ಆದರೆ ಬರೀ ಬಾಯಿಮಾತಿನಲ್ಲಿ ಹೇಳಿದರೆ ಅವಳು ಒಪ್ಪುವಳೆಂದು ನನಗೆ ಅನ್ನಿಸಲಿಲ್ಲ. ನಾಲಗೆಯ ಅಡಿಯನ್ನು ಬಿಸಿಲಿಗೆ ಹಿಡಿದು ನೋಡುವವಳು ಅವಳು. ಕಣ್ಣಿಗೆ ಕಾಣದ್ದನ್ನು ನಂಬು ಎಂದು ಅವಳಿಗೆ ಹೇಳುವುದು ಅವಮಾನ. ಮುಂದಿನ ಹಂದಿ ಬಿದ್ದಾಗ ಹೇಳಿಕಳಿಸಿ ಎಂದು ಬೇಡಿಕೊಂಡು ಬಂದೆ. ಒಂದು ಹಂದಿಯಲ್ಲಿ ಏನೂ ಇರಲಿಲ್ಲ. ಅದರ ನಂತರದ್ದರಲ್ಲಿ ಗುಳ್ಳೆ ಇತ್ತು.

ಅಷ್ಟರಲ್ಲಿ ಕೆಂಚು ನಾಯಿಗೆ ಔಷಧಿ ಕೊಡುವ ಏರ್ಪಾಟನ್ನೂ ಮಾಡಿಕೊಂಡಿದ್ದೆ. ಆಗ ಆ ಹುಳುವಿಗೆ ನಮ್ಮಲ್ಲಿದ್ದದ್ದು ಅಡಿಕೆಯಿಂದ ತೆಗೆದ ಒಂದು ಔಷಧಿ. ಖಾಲಿ ಹೊಟ್ಟೆಗೆ ಕೊಟ್ಟರೆ ನಾಯಿಗೆ ಭೇದಿಯಾಗಿ ಹುಳು ಹೊರಬೀಳುತ್ತದೆ. ಡೋಸು ಹೆಚ್ಚಾದರೆ ನಾಯಿಗೇ ಅಪಾಯ. ದೊಡ್ಡವ್ವನಿಗೆ ಇದನ್ನು ಹೇಳಿದಾಗ ಬಾಯಲ್ಲಿದ್ದ ವೀಳ್ಯವನ್ನು ಒಂದು ಕೆನ್ನೆಗೆ ಸರಿಸಿ ಕೇಳಿದಳು:

"ಅಡ್ಕೆಯಾ? ನಾನು ದಿನಾ ಇಷ್ಟು ಅಗೀತೀನಲ್ಲ, ನನ್ನೊಟ್ಟೇಲಿ ಒಂದ್ ಉಳಾನೂ ಇರಕಿಲ್ಲ ಅನ್ನಿ!"

"ನೀವು ಅಗಿದು ಉಗೀತೀರಿ, ನಾಯಿ ನುಂಗಬೇಕು."

"ಅದೂ ದಿಟವೇ. ನಾಯಿಗೆ ಉಗಿಯಕ್ಕೆ ಬರಕಿಲ್ಲ ಪಾಪ."

ಹುಣಸೆಮರದ ಕೆಳಗೆ ಆ ದಿನ ನಾನು ಗಾಳಿ ಬರುವ ಕಡೆ ನಿಲ್ಲಲಿಲ್ಲ. ಅಂಗಿಯ ತೋಳು ಮಡಿಸಿದೆ. ಅವಳು ನನ್ನ ಕೈಗಳನ್ನೂ ಎಲ್ಲರ ಕೈಯಂತೆ ತಿರುಗಿಸಿ ನೋಡಿ, ಗಾಯವಿಲ್ಲವೆಂದು ಖಾತ್ರಿ ಮಾಡಿಕೊಂಡು, ತಾನೇ ಹರಳೆಣ್ಣೆ ಸವರಿದಳು. "ಮನೇಲಿ ಯೇಳ್ಬ್ಯಾಡಿ ಮತ್ತೆ. ನಿಮ್ಮವ್ವ ನನ್ ಬೈತಳೆ" ಅಂದಳು. ಬೆಚ್ಚಗಿನ ಈಲಿ ಅಂಗೈಗೆ ಬಂದಾಗ ನನಗೆ ವಾಂತಿ ಬರಲಿಲ್ಲ. ಬರುತ್ತದೆಂದು ಕಾದು ನಿಂತಿದ್ದೆ, ಬರಲಿಲ್ಲ. ಗುಳ್ಳೆಯನ್ನು ಎಚ್ಚರಿಕೆಯಿಂದ ಚುಚ್ಚಿ, ಒಳಗಿನ ನೀರನ್ನು ಒಂದು ಗಾಜಿನ ಸೀಸೆಗೆ ಇಳಿಸಿ ಬಿಸಿಲಿಗೆ ಹಿಡಿದೆ. ಸ್ವಲ್ಪ ಹೊತ್ತಿನಲ್ಲಿ ತಿಳಿನೀರಿನ ತಳದಲ್ಲಿ ಬಿಳಿಯ ನುಣ್ಣನೆಯ ರವೆಯಂಥದ್ದು ಕೂತಿತು.

"ಈ ಒಂದೊಂದು ರವೆಯೂ ಒಂದು ಹುಳುವಿನ ತಲೆ ಅವ್ವ. ಹಂದಿಯಲ್ಲಿ ಇದು ಹೀಗೇ ಇರುತ್ತೆ. ನಾಯಿ ಹೊಟ್ಟೆಗೆ ಹೋದರೆ ಹುಳು ಆಗುತ್ತೆ."

ಅವಳು ಸೀಸೆಯನ್ನು ಕೈಗೆ ತೆಗೆದುಕೊಂಡು ಅಲ್ಲಾಡಿಸಿದಳು. ರವೆ ಎದ್ದು ಮತ್ತೆ ಕೂತಿತು.

ನಾನು ಬಂದ ಕೂಡಲೇ ನಾಯಿಗೆ ಔಷಧಿ ಕೊಟ್ಟು ಗೂಟಕ್ಕೆ ಕಟ್ಟಿದ್ದೆ. ಭೇದಿಯಾದದ್ದನ್ನು ನೀರಿನಲ್ಲಿ ಸೋಸಿ, ಉಳಿದದ್ದನ್ನು ಸ್ಕೂಲಿನ ಒಂದು ಹಳೆಯ ಸ್ಲೇಟಿನ ಮೇಲೆ ಹರಡಿದೆ. ಕೈಗೆ ರಬ್ಬರ್ ಗವಸು, ಪಕ್ಕದಲ್ಲಿ ಕುದಿಯುವ ನೀರು. ಕಪ್ಪು ಸ್ಲೇಟಿನ ಮೇಲೆ, ಅರ್ಧ ಎಳ್ಳುಕಾಳಿನಷ್ಟು ಬಿಳಿ ಚೂರುಗಳು. ಒಂದೆರಡು ಇನ್ನೂ ಅಲುಗುತ್ತಿದ್ದವು. ಅದನ್ನು ನೋಡಲು ಅವಳು ಬಗ್ಗಿ ಕೂತಳು. ಅವಳ ಉಸಿರು ನನಗೆ ಕೇಳುತ್ತಿತ್ತು. ಈ ಹುಳುವಿನ ಮೊಟ್ಟೆ ನಾಯಿಯ ಮೈಯಲ್ಲಿರುತ್ತದೆ, ಮಕ್ಕಳ ಬಾಯಿಗೆ ಹೋಗುತ್ತದೆ, ಮನುಷ್ಯರ ಹೊಟ್ಟೆಯಲ್ಲಿ ಮತ್ತೆ ಆ ಸೀಸೆಯಲ್ಲಿ ಕಂಡಂಥ ಗುಳ್ಳೆಯಾಗುತ್ತದೆ ಎಂದೆ. ಹಂದಿ, ನಾಯಿ, ಮನುಷ್ಯ ಎಂದು ಬೆರಳಿನಿಂದ ಮೂರು ಸಲ ನೆಲದ ಮೇಲೆ ಗುರುತು ಮಾಡಿದೆ.

ಅವಳು ತುಂಬ ಹೊತ್ತು ಮೂರನೆಯ ಗುರುತನ್ನೇ ನೋಡುತ್ತಿದ್ದಳು. ಆಮೇಲೆ ತಲೆ ಎತ್ತಿ ಕೇಳಿದಳು:

"ಅಂಗಾರೆ ನಮ್ ಯಜಮಾನ್ರ ಒಟ್ಟೇಲಿ ಇದ್ದುದ್ದೂ ಇದೇನಾ?"

ಇದನ್ನು ಬರೆಯಬೇಕೆಂದೇ ನಾನು ಇಷ್ಟೆಲ್ಲ ಬರೆದದ್ದು. ಅವಳ ಪ್ರಶ್ನೆಗೆ ನಾನು ಏನು ಹೇಳಿದೆ? ದಿನಚರಿಯಲ್ಲಿ ಇರುವುದು: "ಗೊತ್ತಿಲ್ಲ ಎಂದೆ." ನನ್ನ ನೆನಪಿನಲ್ಲಿ ಇರುವುದು: "ಇರಬಹುದು ಅವ್ವ" ಎಂದೆ, ಅವಳ ಕಣ್ಣನ್ನೇ ನೋಡುತ್ತ. ವೈದ್ಯನಾಗಿ ನೋಡಿದರೆ ಎರಡೂ ಮಾತುಗಳು ಸುಳ್ಳಲ್ಲ. ಆ ಮನುಷ್ಯನ ಹೊಟ್ಟೆಯನ್ನು ಯಾರೂ ತೆರೆದಿರಲಿಲ್ಲ, ನನಗೆ ಗೊತ್ತಿರಲು ಸಾಧ್ಯವಿರಲಿಲ್ಲ. ಆದರೆ ಅವಳು ಕೇಳಿದ್ದು ವೈದ್ಯನನ್ನಲ್ಲ. ತನ್ನ ಕೈ ಏನು ಮಾಡಿತೆಂದು ಕೇಳುತ್ತಿದ್ದಳು. ಅದಕ್ಕೆ ಧೈರ್ಯವಾಗಿ ಉತ್ತರ ಕೊಟ್ಟೆನೋ, ನುಣುಚಿಕೊಂಡೆನೋ?

ಸ್ಲೇಟನ್ನು, ಬಟ್ಟೆಯನ್ನು ಕುದಿಯುವ ನೀರಿಗೆ ಹಾಕಿ, ಉಳಿದದ್ದನ್ನು ಸುಟ್ಟು ಹೂತು ಬಂದೆ. ಎರಡು ವಾರ ಆ ಊರಿನಿಂದ ಸುದ್ದಿ ಇರಲಿಲ್ಲ. ಅವಳು ಕತ್ತಿಯನ್ನು ಬೇರೆಯವರಿಗೆ ಕೊಟ್ಟುಬಿಟ್ಟಳೇನೋ ಎಂದು ಭಯವಾಗಿತ್ತು. ಆಮೇಲೆ ಒಂದು ಬೆಳಿಗ್ಗೆ ಅವಳ ಮಗ ಸೈಕಲ್ಲಿನಲ್ಲಿ ಹನೂರಿಗೆ ಬಂದ. ಮುಖ ಗಂಟು ಹಾಕಿಕೊಂಡಿದ್ದ.

"ಏನ್ ಯೇಳ್ಕೊಟ್ರಿ ಸಾ ನಮ್ಮವ್ವುಂಗೆ? ಬಂದ್ ನೋಡಿ ಒಂದ್ಸಲ."

ಹೋಗಿ ನೋಡಿದೆ. ಹುಣಸೆಮರದ ಕೆಳಗೆ ಮೂರು ಕಲ್ಲು ಹೂಡಿ, ಹೊಸದೊಂದು ದೊಡ್ಡ ಮಣ್ಣಿನ ಗಡಿಗೆ ಇಟ್ಟಿದ್ದಳು. ಅದರಲ್ಲಿ ಈಲಿ, ಶ್ವಾಸಕೋಶ ಎಲ್ಲ ಬೇಯುತ್ತಿತ್ತು. ಗುಳ್ಳೆ ಇದ್ದ ಭಾಗ ಗಡಿಗೆಗೂ ಬಂದಿರಲಿಲ್ಲ. ಅದನ್ನು ಆಳುದ್ದ ಗುಂಡಿಯಲ್ಲಿ ಹೂತು, ನಾಯಿ ಕೆದಕದಂತೆ ಮೇಲೆ ಜಾಲಿಮುಳ್ಳು, ಅದರ ಮೇಲೆ ಕಲ್ಲು ಹೇರಿಸಿದ್ದಳು. ಇದೆಲ್ಲ ನಾನು ಹೇಳಿಕೊಟ್ಟದ್ದೇ. ಆದರೆ ಮುಂದಿನದನ್ನು ನಾನು ಹೇಳಿರಲಿಲ್ಲ. ನಾಯಿಪಾಲು ಬೆಂದು, ಆರಿ, ನಾಯಿಗಳ ಬಾಯಿಗೆ ಬೀಳುವ ತನಕ ಮನುಷ್ಯರ ಪಾಲಿನ ಒಂದು ಚೂರೂ ಅಲ್ಲಿಂದ ಅಲುಗುವಂತಿರಲಿಲ್ಲ. ಹತ್ತು ಹದಿನೈದು ಗಂಡಸರು, ಮುಂಜಾನೆಯಿಂದ ಕಾಡು ಸುತ್ತಿ ಹಸಿದವರು, ನಾಯಿಯ ಅಡುಗೆ ಆಗಲೆಂದು ಮರದ ಸುತ್ತ ಕೂತಿದ್ದರು. ನಾಯಿಗಳೂ ಅವರ ಜೊತೆ ಕೂತಿದ್ದವು. ಯಾರ ಮುಖ ಹೆಚ್ಚು ದೀನವಾಗಿತ್ತೆಂದು ಹೇಳುವುದು ಕಷ್ಟ.

"ಅಸೀದ್ ತಿಂದ್ರೇನೇ ನಾಯಿಗೆ ರೋಸ ಬರದು" ಎಂದು ಮಗ ಗೊಣಗಿದ. "ಬೇಯ್ಸಿದ್ ತಿಂದ ನಾಯಿ ಮನೆ ಕಾಯ್ತದೆ, ಕಾಡ್ಗೆ ಓಗಕಿಲ್ಲ."

"ನೀನೂ ಬೇಯ್ಸಿದ್ದೇ ತಾನೇ ತಿಂತಿರೋದು?" ಎಂದಳು ದೊಡ್ಡವ್ವ, ಗಡಿಗೆಯಿಂದ ಕಣ್ಣೆತ್ತದೆ. "ಅದ್ಕೇ ಕಣ್ಲಾ ಅಂದಿ ಕಂಡ್ರೆ ಮರ ಅತ್ತದು."

ಮರದ ಸುತ್ತ ಕೂತವರು ಹಸಿವನ್ನು ಮರೆತು ನಕ್ಕರು. ಮಗನೂ ನಕ್ಕ.

ಪದ್ಧತಿ ಬಿಡಿ ಎಂದು ಹೇಳಿಸಿಕೊಂಡವರು ಸಾಮಾನ್ಯವಾಗಿ ಎರಡೇ ರೀತಿ ಮಾಡುವುದನ್ನು ನಾನು ಕೆಲಸದಲ್ಲಿ ಕಂಡಿದ್ದೇನೆ. ಒಂದೋ ಬಿಡುತ್ತಾರೆ, ಇಲ್ಲವೋ ಬಿಡುವುದಿಲ್ಲ. ಅವಳು ನಾಯಿಗೆ ಸಲ್ಲಬೇಕಾದ ಮೊದಲ ಮರ್ಯಾದೆಯನ್ನು ಒಂದು ಕೂದಲೆಳೆಯಷ್ಟೂ ಕಡಿಮೆ ಮಾಡದೆ, ಅದರ ಬೆಲೆಯನ್ನು ಮನುಷ್ಯರ ಹಸಿವಿನಿಂದ ಕಟ್ಟಿಸಿದಳು. ಆಮೇಲಾಮೇಲೆ ಗಂಡಸರು ತಾವಾಗಿಯೇ ಸೌದೆ ತರತೊಡಗಿದರಂತೆ, ಬೇಗ ಬೇಯಲೆಂದು. ಮೊಮ್ಮಗಳಿಗೆ ಬೇರೆ ತಟ್ಟೆ ಬಂತು. ನಾಯಿ ಮುಟ್ಟಿದ ಕೈಯಲ್ಲಿ ಉಣ್ಣುವಂತಿಲ್ಲ ಎಂಬುದು ಅವಳ ನಿಯಮಗಳ ಸಾಲಿಗೆ ಸೇರಿತು. ಆದರೆ ನಾಯಿಯನ್ನು ಮನೆಯಿಂದ ಆಚೆ ಹಾಕಲಿಲ್ಲ. ನಾನಿದ್ದ ತನಕ ಮೂರು ನಾಲ್ಕು ತಿಂಗಳಿಗೊಮ್ಮೆ ಹೋಗಿ ಎಲ್ಲ ನಾಯಿಗಳಿಗೂ ಅಡಿಕೆಯ ಔಷಧಿ ಹಾಕಿ ಬರುತ್ತಿದ್ದೆ.

ನನಗೆ ಬೇರೆ ಕಡೆಗೆ ವರ್ಗವಾಯಿತು. ಮತ್ತೆ ಆ ದಾರಿಯಲ್ಲಿ ಹೋದದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ಒಡೆಯರಪಾಳ್ಯದ ಕಡೆ ಟಿಬೆಟ್ಟಿನವರು ಬಂದು ನೆಲೆಸಿದ್ದರು. ಅವರ ದನಗಳನ್ನು ನೋಡಲು ಹೋದವನು ಹಿಂದಿರುಗುವಾಗ ಬಸ್ಸು ಇಳಿದು ನಡೆದೆ. ಕಾನೂನು ಬಂದು ಬೇಟೆ ಹೆಚ್ಚುಕಡಿಮೆ ನಿಂತಿತ್ತು. ಬಲೆಗಳು ಅಟ್ಟದ ಮೇಲಿದ್ದವು. ದೊಡ್ಡವ್ವ ಬಾಗಿಹೋಗಿದ್ದಳು. ಒಂದು ಕಣ್ಣಿಗೆ ಪೊರೆ ಬಂದಿತ್ತು. ಹಿತ್ತಲಿನಲ್ಲಿ ಮಸಿ ಹಿಡಿದ ಗಡಿಗೆಯೊಂದು ಒಲೆಯ ಮೇಲಿತ್ತು. ಅದೇ ಗಡಿಗೆಯೋ, ಅದರ ನಂತರದ್ದೋ, ಕೇಳಲಿಲ್ಲ. ಊರಿನಲ್ಲಿ ಕುರಿ ಕೊಯ್ದಿದ್ದರು, ಅದರ ನಾಯಿಪಾಲು ಬೇಯುತ್ತಿತ್ತು. ಉದ್ದ ಜಡೆಯ ಹುಡುಗಿಯೊಬ್ಬಳು ಸೌದೆ ಮುಂದಕ್ಕೆ ತಳ್ಳುತ್ತಿದ್ದಳು. ಮರದ ಬೇರಿನ ಮೇಲೆ ಕೂತು ನಾಯಿಯ ಕುತ್ತಿಗೆಗೆ ಜೋತುಬಿದ್ದಿದ್ದ ಮಗು ಅದು. ಮೈಕೈ ತುಂಬಿಕೊಂಡು ಚೆನ್ನಾಗಿದ್ದಳು. ಅವಳು ಚೆನ್ನಾಗಿರುವುದಕ್ಕೆ ಗಡಿಗೆಯೇ ಕಾರಣ ಎಂದು ಹೇಳಲು ನನಗೆ ಯಾವ ಅಧಿಕಾರವೂ ಇಲ್ಲ. ಆದರೂ ಅವಳನ್ನು ಎರಡು ಸಲ ನೋಡಿದೆ.

ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿಯುವಾಗ ಕೇಳಿಯೇಬಿಟ್ಟೆ. "ಅವ್ವ, ಅವತ್ತು ಸ್ಲೇಟು ನೋಡಿದ ದಿನ ಯಜಮಾನರ ವಿಷಯ ಕೇಳಿದಿರಲ್ಲ. ನಾನು ಏನಂದೆ?"

"ನೀವಾ? ಏನೂ ಅನ್ನಿಲ್ಲ" ಎಂದಳು.

"ಏನೂ ಅನ್ನಲಿಲ್ಲವಾ?"

"ಊಂ. ಗೂಟುಕ್ ಕಟ್ಟಿದ್ ಕೆಂಚು ನಾಯಿ ಅತ್ರುಕ್ ಬಂದು ನಿಮ್ ತೊಡೆಗೆ ಒರಗ್ತು. ಅದ್ರ ಬೆನ್ನ ಸವರ್ತಾ ಕುಂತಿದ್ರಿ. ಆಮೇಲೆ ಎದ್ರಿ. ಓಗಿ ಕೈ ತೊಳುದ್ರಿ. ಒಂದ್ಸಲ ತೊಳುದ್ರಿ, ಬೂದಿ ತಕಂಡು ಇನ್ನೊಂದ್ಸಲ ತೊಳುದ್ರಿ, ಉಗುರ್ ಸಂದೆಲ್ಲ ಉಜ್ಜುದ್ರಿ. ನಾನು ಅದ ನೋಡ್ತಾ ಇದ್ದೆ." ಆಮೇಲೆ ಸೇರಿಸಿದಳು: "ಇನ್ನೇನ್ ಯೇಳ್ಬೇಕಿತ್ತು ಕಣಪ್ಪ ನೀವು?"

ನನ್ನ ದಿನಚರಿ ಒಂದು ಹೇಳುತ್ತದೆ, ನೆನಪು ಇನ್ನೊಂದು, ದೊಡ್ಡವ್ವ ಮೂರನೆಯದು. ನಾನು ಅವಳದನ್ನು ನಂಬುತ್ತೇನೆ. ಅದು ನನಗೆ ಅನುಕೂಲವಾಗಿಲ್ಲ ಎಂಬುದು ಒಂದು ಕಾರಣ. ಕೈಗಳನ್ನು ನೋಡುವುದರಲ್ಲಿ ಅವಳು ತಪ್ಪಿದ್ದನ್ನು ನಾನು ಕಂಡಿಲ್ಲ ಎಂಬುದು ಇನ್ನೊಂದು.

ಬಸ್ಸಿನ ಹೊತ್ತಾಯಿತೆಂದು ಎದ್ದೆ. ಕೆಂಚು ಬಣ್ಣದ ಒಂದು ಎಳೆಯ ನಾಯಿ, ಹಳೆಯದರ ಮರಿಯ ಮರಿಯಿರಬೇಕು, ಬಂದು ಕಾಲಿಗೆ ಮೈ ಉಜ್ಜಿತು. ಬಗ್ಗಿ ಅದರ ತಲೆ ಸವರಿದೆ. ನೆಟ್ಟಗಾಗುವಷ್ಟರಲ್ಲಿ ದೊಡ್ಡವ್ವ ಚೊಂಬು ಹಿಡಿದು ನಿಂತಿದ್ದಳು.

"ಚಾಚಿ ಕೈಯ್ಯ" ಅಂದಳು. ಚಾಚಿದೆ. ಕಣ್ಣು ಸರಿಯಾಗಿ ಕಾಣದ ಅವಳು ಒಂದು ಹನಿಯೂ ಆಚೆ ಬೀಳದಂತೆ ನೀರು ಹೊಯ್ದಳು.